ಗಂಡನ ಹೆಸರು ಕೇಳಿದರೆ

“ಹಸ್ಬೆಂಡ್ ನೇಮ್?”

ಮುತ್ತುರಾಜ ಮೂರನೆಯ ಸಲ ಕೇಳಿದ. ನಾರಾಯಣಮ್ಮ ಮೂರನೆಯ ಸಲವೂ ತಲೆ ತಗ್ಗಿಸಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಪಕ್ಕದಲ್ಲಿ ಸ್ಕೂಟರಿಗೆ ಒರಗಿಕೊಂಡಿದ್ದ ಬೈರಣ್ಣ ಹಣೆ ಹಣೆ ಚಚ್ಚಿಕೊಂಡ.

“ಹೇಳೇ! ನಾನಿಲ್ಲೇ ನಿಂತಿವ್ನಿ, ಸತ್ತಿಲ್ಲ. ಹೇಳು!”

“ಬಿಡ್ತು ಅನ್ನಿ,” ಎಂದಳು ನಾರಾಯಣಮ್ಮ, ತಲೆ ಎತ್ತದೆ.

ಸಾರಕ್ಕಿಯಲ್ಲಿದ್ದ ಬೈರಣ್ಣನ ಮೂರಂತಸ್ತಿನ ಮನೆಯ ಪೋರ್ಟಿಕೋ ಕೆಲವು ದಿನಗಳಿಂದ ಸಿಂಗಪುರದ ವಿಮಾನ ನಿಲ್ದಾಣವಾಗಿಬಿಟ್ಟಿತ್ತು. ಇಸ್ತ್ರಿ ಮೇಜೇ ಇಮಿಗ್ರೇಷನ್ ಕೌಂಟರು. ಅದರ ಮುಂದೆ ರಂಗೋಲಿ ಪುಡಿಯಲ್ಲಿ ಎಳೆದ ಒಂದು ಗೆರೆ. ಕರೆಯುವ ತನಕ ಅದನ್ನು ದಾಟುವಂತಿಲ್ಲ. ಮೇಜಿನ ಹಿಂದೆ ಕೂತಿದ್ದ ಮುತ್ತುರಾಜ ಎರಡನೇ ಮಹಡಿಯ ಬಾಡಿಗೆದಾರ. ಬಾಗಲಕೋಟೆ ಕಡೆಯವನು, ಬಿಟಿಎಂನ ಯಾವುದೋ ಕಂಪನಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಅವನ ಇಂಗ್ಲಿಷಿಗಿಂತ ಅವನ ಯೂನಿಫಾರ್ಮ್ ಮೆಚ್ಚಿ ಬೈರಣ್ಣ ಅವನನ್ನು ಈ ಕೆಲಸಕ್ಕೆ ಹಚ್ಚಿದ್ದ. ಯೂನಿಫಾರ್ಮ್ ಕಂಡರೆ ನಾರಾಯಣಮ್ಮನಿಗೆ ಬಾಯಿ ಒಣಗುತ್ತಿತ್ತು. ಆ ಹೆದರಿಕೆ ಮನೆಯಲ್ಲೇ ಕಳೆದುಹೋಗಲಿ ಎಂಬುದು ಬೈರಣ್ಣನ ಲೆಕ್ಕಾಚಾರ.

ಸಿಂಗಪುರದಲ್ಲಿದ್ದ ಮಗಳು ಅರ್ಪಿತಳಿಗೆ ಹೆರಿಗೆ. ಮಗು ಅಡ್ಡಲಾಗಿ ಮಲಗಿದೆ, ಶುಕ್ರವಾರ ಆಪರೇಷನ್ ಮಾಡಿಯೇ ತೆಗೆಯಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಅವಳಿಗೆ ಅತ್ತೆ ಇರಲಿಲ್ಲ. ಅಳಿಯ ಲಿಖಿತ್ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ, ಹೆಚ್ಚು ರಜೆ ಸಿಗುವ ಹಾಗಿರಲಿಲ್ಲ. ಹಾಗಾಗಿ ತಾಯಿ ಹೋಗಲೇಬೇಕು, ಅದೂ ಒಬ್ಬಳೇ. ಬೈರಣ್ಣನಿಗೆ ಎದೆಗೆ ಸ್ಟೆಂಟ್ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ, ವಿಮಾನ ಸದ್ಯಕ್ಕೆ ಬೇಡ ಎಂದಿದ್ದರು. ಅದನ್ನು ಒಪ್ಪಿಕೊಳ್ಳುವ ಗಂಡಸೇ ಅವನು? “ನಾನೂ ಹೊರಟೋದ್ರೆ ಬೋರ್‌ವೆಲ್ ಯಾರು ನೋಡ್ಕೊಳ್ತಾರೆ? ಟ್ಯಾಂಕ್ ಯಾರು ನೋಡ್ಕೊಳ್ತಾರೆ?” ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಟ್ಯಾಂಕು ಅವನ ಪ್ರಾಣ. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ದಿನಾ ಸಂಜೆ ತಾರಸಿಗೆ ಹೋಗಿ, ನೀರಿನ ಮಟ್ಟ ನೋಡಿ, ವಾಲ್ವ್ ತಿರುಗಿಸಿ ಬರುವುದು ಅವನೇ. ಬೇರೆ ಯಾರಾದರೂ ಅದನ್ನು ಮುಟ್ಟಿದರೆ ಮನೆ ಖಾಲಿ ಮಾಡಿಸುವಷ್ಟು ಕೋಪ.

ಅರ್ಪಿತ ದಿನಾ ಬೆಳಿಗ್ಗೆ ಒಂದೊಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು.

“ಅಮ್ಮ, ಪ್ಲೇನ್ ನಿಂತ ತಕ್ಷಣ ಬಿಎಂಟಿಸಿ ಬಸ್ಸಲ್ಲಿ ಎದ್ದಂಗೆ ಎದ್ದು ನಿಂತ್ಕೋಬೇಡ. ಎಲ್ರೂ ಹೋಗೋ ಕಡೆನೇ ಹೋಗು, ಅರೈವಲ್ ಅಂತ ಬೋರ್ಡ್ ಇರುತ್ತೆ. ಅರೈವಲ್ ಕಾರ್ಡ್ ನಾನೇ ಆನ್‌ಲೈನ್‌ನಲ್ಲಿ ತುಂಬಿದೀನಿ. ಯಾರಾದ್ರೂ ‘ಈ ಬ್ಯಾಗ್ ಸ್ವಲ್ಪ ಹಿಡ್ಕೊಳ್ಳಿ ಆಂಟಿ’ ಅಂದ್ರೆ ಹಿಡ್ಕೋಬೇಡ, ನಿನ್ ಬುದ್ಧಿ ನಂಗೊತ್ತು. ಆಮೇಲೆ ಕಡ್ಡಿಪುಡಿ ತರಲೇಬೇಡ, ಇಲ್ಲಿ ಅಗಿಯೋ ತಂಬಾಕು ತರಂಗೇ ಇಲ್ಲ.”

ಮದುವೆಯಾದಾಗಿನಿಂದ ಎಲೆಯಡಿಕೆ ಜೊತೆ ಕಡ್ಡಿಪುಡಿ ಹಾಕಿಕೊಂಡು ಬಂದಿದ್ದ ನಾರಾಯಣಮ್ಮ ಒಂದು ಮಾತೂ ಆಡದೆ ಆ ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡಳು. ಕೋಣನಕುಂಟೆ ಕ್ರಾಸಿನ ಮೆಟ್ರೋ ಸ್ಟೇಷನ್ನಿಗೆ ಹೋಗಿ, ಮಗ ಮನುವಿನ ಕೈ ಹಿಡಿದು ಎಸ್ಕಲೇಟರ್ ಹತ್ತಿ ಇಳಿದು, ಕೊನೆಗೆ ಕೈ ಬಿಟ್ಟೂ ಹತ್ತಿದಳು. ‘ವಿಸಿಟ್ ಡಾಟರ್’ ಎನ್ನುವುದನ್ನು ಸೊಪ್ಪು ಬಿಡಿಸುತ್ತ ಬಾಯಿಪಾಠ ಮಾಡಿದಳು. ಎಲ್ಲಕ್ಕೂ ಹೂಂ ಅಂದವಳು ಈ ಒಂದು ಪ್ರಶ್ನೆಗೆ ಬಂದರೆ ಮಾತ್ರ ಮೊಂಡು ಹಸುವಿನಂತೆ ಕಾಲೂರಿಬಿಡುತ್ತಿದ್ದಳು.

“ಪಾಸ್‌ಪೋರ್ಟಲ್ಲಿ ಬರ್ದೈತಲ್ಲ, ಅವರೇ ಓದ್ಕೊಳ್ಲಿ. ಓದೋಕೆ ಬರದೋರ್ನ ಅಲ್ಲಿ ಕೂರಿಸ್ತಾರಾ?” ಎಂದಳು ಈಗ.

“ಬರ್ದಿರೋದೂ ನೀನು ಹೇಳೋದೂ ಒಂದೇನಾ ಅಂತ ನೋಡೋಕೆ ಕಣೇ ಕೇಳೋದು! ಆ ಕಮಲಾದೇವಿ ಅತ್ತೆ ಕಥೆ ಮರೆತೋಯ್ತಾ?”

ಕಮಲಾದೇವಿ ಅರ್ಪಿತಳ ಪಕ್ಕದ ಫ್ಲಾಟಿನವಳು. ಅವಳ ಅತ್ತೆ ಕೌಂಟರಿನಲ್ಲಿ ತಬ್ಬಿಬ್ಬಾಗಿ, ಗಂಡನ ಹೆಸರು ಕೇಳಿದರೆ ಮಗನ ಹೆಸರು ಹೇಳಿ, ಆಮೇಲೆ ಬಾಯಿಯೇ ಬಿಡದೆ ನಿಂತಳಂತೆ. ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಹೊರಗಿದ್ದ ಮಗನನ್ನು ಕರೆಸಿ ವಿಚಾರಿಸುವ ಹೊತ್ತಿಗೆ ಅರ್ಧ ದಿನವೇ ಹೋಯಿತಂತೆ. ಈ ಕಥೆ ಕೇಳಿದ ದಿನದಿಂದ ಬೈರಣ್ಣನಿಗೆ ನಿದ್ದೆ ಇರಲಿಲ್ಲ. ಇವಳು ಹೀಗೇ ಗೂಟದ ಹಾಗೆ ನಿಂತರೆ ಅವರು ಅನುಮಾನಪಟ್ಟು ಮುಂದಿನ ವಿಮಾನಕ್ಕೇ ವಾಪಸ್ ಹತ್ತಿಸಿದರೆ? ಶುಕ್ರವಾರ ಆಪರೇಷನ್ ಟೇಬಲ್ ಮೇಲೆ ಮಲಗಿರುವ ಮಗಳ ಹತ್ತಿರ ಯಾರಿರುತ್ತಾರೆ?

“ಯಜಮಾನ್ರ, ನಮ್ಮ ಕಡೀನೂ ಹೆಣ್ಮಕ್ಳು ಹಂಗ ಗಂಡನ ಹೆಸರು ಹೇಳಂಗಿಲ್ರಿ,” ಎಂದ ಮುತ್ತುರಾಜ, ಟೋಪಿ ತೆಗೆದು ಮೇಜಿನ ಮೇಲಿಡುತ್ತ. “ಹೇಳಬೇಕಂದ್ರ ಹಾಡಿನಂಗ ಪ್ರಾಸ ಹಾಕಿ ಒಡಪು ಕಟ್ಟಿ ಹೇಳ್ತಾರ್ರಿ. ಅಮ್ಮಾರಿಗೆ ಒಂದ್ ಚೊಲೋ ಒಡಪು ಕಲಿಸೋಣೇನ್ರಿ?”

“ಒಡಪು ಹೇಳ್ತಾ ನಿಂತ್ರೆ ಹಿಂದೆ ಕ್ಯೂನಲ್ಲಿ ಇರೋರು ಆರತಿ ಎತ್ತುತಾರೇನಯ್ಯ?” ಬೈರಣ್ಣ ರೇಗಿದ. “ನೀನು ಆಫೀಸರ್ರು, ಆಫೀಸರ್ ಥರ ಇರು. ಟೋಪಿ ಹಾಕ್ಕೋ. ಇನ್ನೊಂದ್ಸಲ ಕೇಳು.”

ಮುತ್ತುರಾಜ ಟೋಪಿ ಹಾಕಿಕೊಂಡು ಕೇಳಿದ. ನಾರಾಯಣಮ್ಮ ಗಂಡನ ಕಡೆಗೆ ಬೆರಳು ತೋರಿಸಿದಳು.

“ಅಲ್ಲಿ ಎಲ್ಲಿಗ್ ಬೆರಳು ತೋರಿಸ್ತೀಯ? ಗೋಡೆಗಾ?”

“ಸಾರಕ್ಕಿ ಕಡೆಗೆ ತೋರಿಸ್ತೀನಿ ಬಿಡಿ,” ಎಂದು ಅವಳು ಗೆರೆ ದಾಟಿ ಅಡುಗೆಮನೆಗೆ ಹೊರಟೇಹೋದಳು.

ಸಂಜೆ ಅವಳು ಸೂಟ್‌ಕೇಸಿಗೆ ಬಾಣಂತಿಯ ಹತ್ತಿಬಟ್ಟೆ, ಮಗುವಿನ ಕುಲಾವಿ ಜೋಡಿಸುತ್ತಿದ್ದಾಗ ಬೈರಣ್ಣ ಮಂಚದ ತುದಿಯಲ್ಲಿ ಕೂತು ಮತ್ತೆ ಶುರು ಮಾಡಿದ. ಈ ಸಲ ದನಿ ತಗ್ಗಿತ್ತು. ಗುಡಿಯ ದೇವರಿಗೂ ತನ್ನ ಹೆಸರೇ ಇರುವುದರಿಂದ ಅವಳು ಆ ದೇವರನ್ನು ‘ನಮ್ಮೂರ ಸ್ವಾಮಿ’ ಎನ್ನುತ್ತಾಳೆ, ಮೂಲೆಯ ಔಷಧಿ ಅಂಗಡಿಯ ಬೈರೇಗೌಡನನ್ನು ‘ಮೆಡಿಕಲ್ ಅಣ್ಣ’ ಎನ್ನುತ್ತಾಳೆ. ಇಷ್ಟು ದಿನ ಅವನು ಇದನ್ನು ನಗೆಚಾಟಿಕೆ ಮಾಡಿಕೊಂಡೇ ಬಂದಿದ್ದ. ತನ್ನ ಹೆಸರು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅದೊಂದು ಕೊರತೆ ಅಂತಲೂ ಅನಿಸಿರಲಿಲ್ಲ.

“ಹೇಳಿದ್ರೆ ಏನಾಯ್ತದೆ ಅಂತ ನಿನ್ನ ಲೆಕ್ಕ?”

“ನಮ್ ದೊಡ್ಡಮ್ಮ ಜನಗಣತಿಯೋನಿಗೆ ಹೇಳಿದ್ಲು. ವಾರದೊಳಗೆ ದೊಡ್ಡಪ್ಪ ಹೋಗ್ಬಿಟ್ರು.”

“ನಿಮ್ ದೊಡ್ಡಪ್ಪ ಹೋಗಿದ್ದು ಕುಡಿದು, ಸಾರಕ್ಕಿ ಕೆರೆಗೆ ಬಿದ್ದು! ಹೆಸರು ಹೇಳಿದ್ದಕ್ಕಲ್ಲ!”

“ಅದಕ್ಕೂ ಮುಂಚೆನೂ ದಿನಾ ಕುಡೀತಿದ್ರಲ್ಲ. ಅವಾಗ ಯಾಕ್ ಬೀಳ್ಲಿಲ್ಲ?”

ಇಂಥ ವಾದಕ್ಕೆ ಯಾವ ವಕೀಲ ತಾನೇ ಉತ್ತರ ಕೊಟ್ಟಾನು? ಬೈರಣ್ಣ ಎದ್ದು ಕೋಣೆಯೊಳಗೇ ಓಡಾಡಿದ. ಎಷ್ಟೋ ದಿನದಿಂದ ಒಳಗಿಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ಹೋದ ವರ್ಷ ಜಯನಗರದ ಆಸ್ಪತ್ರೆಲಿ, ನಾನು ಸ್ಟ್ರೆಚರ್ ಮೇಲೆ ಮಲಗಿದ್ದೆ. ಎದೆ ಹಿಂಡ್ತಾ ಇತ್ತು. ಪೇಷಂಟ್ ಹೆಸರೇನು ಅಂತ ಆ ಹುಡುಗಿ ಕೇಳಿದ್ಲು. ನೀನು ಏನ್ ಮಾಡ್ದೆ? ಬ್ಯಾಗೆಲ್ಲ ತಡಕಾಡಿ ಆಧಾರ್ ಕಾರ್ಡ್ ತೆಗೆದು ‘ಇದ್ರಾಗೈತೆ ನೋಡವ್ವ’ ಅಂದೆ. ನಂಗೆ ಕೇಳಿಸ್ತಿತ್ತು ಕಣೇ. ನಾನು ಸಾಯ್ತಾ ಇದ್ದಾಗ್ಲೂ ಹೇಳ್ಲಿಲ್ಲ ನೀನು.”

ನಾರಾಯಣಮ್ಮ ಕುಲಾವಿಯನ್ನು ಮಡಿಸಿ ಬಟ್ಟೆಗಳ ನಡುವೆ ಇಟ್ಟಳು.

“ಹೇಳ್ಲಿಲ್ಲ. ಅದಕ್ಕೇ ಇದೀರ,” ಎಂದಳು.

ಬೈರಣ್ಣನಿಗೆ ಕೋಪ ನೆತ್ತಿಗೇರಿತು. ಆದರೂ ಬಯ್ಯಲಿಲ್ಲ. ಮೋಟರು ಹಾಕುವ ಹೊತ್ತಾಯಿತೆಂದು ನೆಪ ಹೇಳಿ ತಾರಸಿಗೆ ಹೊರಟುಹೋದ.

ಬುಧವಾರ ಬೆಳಿಗ್ಗೆ ಮನು ಕಾರಿನಲ್ಲಿ ಇಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದ. ಸಾರಕ್ಕಿ ಸಿಗ್ನಲ್ಲಿನಲ್ಲೇ ಅಷ್ಟೊಂದು ಹೊತ್ತು ನಿಂತದ್ದರಿಂದ ಬೈರಣ್ಣನಿಗೆ ಪಾಠ ಒಪ್ಪಿಸಿಕೊಳ್ಳಲು ಧಾರಾಳ ಸಮಯ ಸಿಕ್ಕಿತು. ಪರ್ಪಸ್? ವಿಸಿಟ್ ಡಾಟರ್. ವೇರ್ ಸ್ಟೇ? ಡಾಟರ್ ಹೌಸ್. ಹಸ್ಬೆಂಡ್ ನೇಮ್? ಅದಕ್ಕೆ ಮಾತ್ರ ಅವಳ ಕಣ್ಣು ಕಿಟಕಿಯಾಚೆಯ ಹೂವಿನ ಗಾಡಿಯ ಮೇಲೆ.

“ಅಮ್ಮಾ, ಸುಮ್ನೆ ಒಂದ್ಸಲ ಹೇಳ್ಬಿಡಮ್ಮ, ಅಪ್ಪನ ಬಿಪಿ ಇಳೀಲಿ,” ಎಂದ ಮನು ಕನ್ನಡಿಯಲ್ಲಿ ನೋಡುತ್ತ.

“ನೀನು ಮುಂದೆ ನೋಡ್ಕೊಂಡು ಓಡ್ಸು,” ಎಂದಳು.

ಗೇಟಿನ ಹತ್ತಿರ ಅವಳು ಗಂಡನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸುತ್ತ ಇದ್ದವರೆಲ್ಲ ನೋಡುತ್ತಿದ್ದಾರೆಂದು ಅವನಿಗೆ ಸಂಕೋಚ. ಶೂ ಹಾಕಿದ ಕಾಲನ್ನು ಎತ್ತೆತ್ತಿ ಇಡುತ್ತ ಅವಳು ಗಾಜಿನ ಬಾಗಿಲ ತನಕ ಹೋದಳು, ತಿರುಗಿದಳು, ಅಲ್ಲಿಂದಲೇ ಕೂಗಿದಳು. “ಊಟ ಆದ್ಮೇಲೆ ಮಾತ್ರೆ ಮರೀಬೇಡಿ!” ಬೈರಣ್ಣನೂ ಕೂಗಿದ. “ಮಾತ್ರೆ ಹಾಳಾಗ್ಲಿ, ನೀನು ಹೆಸರು ಹೇಳು!” ಅವಳಿಗೆ ಕೇಳಿಸಿತೋ ಇಲ್ಲವೋ, ಬಾಗಿಲು ಮುಚ್ಚಿಕೊಂಡಿತು.

ಮನೆಗೆ ಬಂದವನು ಮಧ್ಯಾಹ್ನ ಊಟ ಮಾಡಲಿಲ್ಲ. ಮುದ್ದೆ ಮುರಿದು, ಸಾರಿಗೆ ಅದ್ದಿ, ಹಾಗೇ ಬಿಟ್ಟೆದ್ದ. ಊಟವೇ ಆಗದ ಮೇಲೆ ಊಟವಾದ ಮೇಲಿನ ಮಾತ್ರೆ ಎಲ್ಲಿಂದ ಬಂತು? ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ವಿಮಾನ ಇಳಿದಾಗಿದೆ ಎಂದು ಅರ್ಪಿತಳ ಮೆಸೇಜ್ ಬಂತು. ಆಮೇಲೆ ಏನೂ ಬರಲಿಲ್ಲ. ಲಿಖಿತ್ ಗಾಜಿನಾಚೆ ಕಾಯುತ್ತಿದ್ದಾನೆ, ಅತ್ತೆ ಇನ್ನೂ ಹೊರಗೆ ಬಂದಿಲ್ಲ ಎಂದು ಇನ್ನೊಂದು ಮೆಸೇಜ್. ಬೈರಣ್ಣನಿಗೆ ಕಣ್ಣ ಮುಂದೆ ಆ ಪಕ್ಕದ ಕೋಣೆ ಕಾಣತೊಡಗಿತು. ಅದರಲ್ಲಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತ ನಾರಾಯಣಮ್ಮ ಕಂಡಳು. ಮೊಂಡಿ, ಶುದ್ಧ ಮೊಂಡಿ ಎಂದು ಗಟ್ಟಿಯಾಗಿಯೇ ಬೈದ. ಎದುರು ಮನೆಯ ನಾಯಿ ತಲೆ ಎತ್ತಿ ನೋಡಿತು.

ಕೊನೆಗೆ ಫೋನ್ ಬಡಿದುಕೊಂಡಿತು. ಲಿಖಿತ್.

“ಮಾವ, ಅತ್ತೆ ಬಂದ್ರು. ಲಗೇಜ್ ಕೂಡ ಇನ್ನೂ ಗಾಡಿಗೆ ಹಾಕಿಲ್ಲ, ಮೊದಲು ಫೋನ್ ಹಾಕ್ಕೊಡು ಅಂತಿದಾರೆ. ತಗೊಳ್ಳಿ.”

“ಏನೇ, ಯಾಕಿಷ್ಟ್ ಹೊತ್ತು?” ಬೈರಣ್ಣ ಕುರ್ಚಿಯಿಂದ ಎದ್ದುಬಿಟ್ಟಿದ್ದ.

“ಚೆನ್ನಾಗಿದೀರಾ?” ಎಂದಳು ನಾರಾಯಣಮ್ಮ. ಏದುಸಿರು ಬಿಡುತ್ತಿದ್ದಳು.

“ನಾನ್ ಚೆನ್ನಾಗಿದೀನಿ. ನಿನ್ನ ಯಾಕೆ ನಿಲ್ಲಿಸಿದ್ರು?”

“ಅದೇನೋ ಮಿಷನ್ನು, ಅದಕ್ಕೆ ನನ್ ಬೆರಳು ಹಿಡೀಲಿಲ್ಲ. ಸಗಣಿ ತಟ್ಟಿ ತಟ್ಟಿ ಗೆರೆಯೆಲ್ಲ ಸವೆದೈತೆ. ಕೌಂಟರ್‌ಗೆ ಕಳಿಸಿದ್ರು. ಅಲ್ಲಿ ಕೂತಿದ್ದ ಆಯಪ್ಪಂಗೆ ತಮಿಳು ಬತ್ತಿತ್ತು, ನಂಗೂ ಬತ್ತದಲ್ಲ, ಮಾತಾಡ್ದೆ. ಅದಿರ್ಲಿ, ಎದೆ ಗಿದೆ ನೋವೇನೂ ಇಲ್ವಾ?”

“ಇಲ್ಲ ಮಾರಾಯ್ತಿ! ಏನ್ ಕೇಳಿದ್ರು ಹೇಳು.”

“ಏನೇನೋ ಕೇಳಿದ್ರು. ಎಲ್ಲಿದೀರ ಈಗ? ನಿಂತಿದೀರಾ? ಕೂತ್ಕೊಳ್ಳಿ. ಇವತ್ತು ಗಾಡಿ ತೆಗೀಬೇಡಿ. ಮಹಡಿ ಹತ್ತಬೇಡಿ, ಕೇಳಿಸ್ತಾ? ಟ್ಯಾಂಕ್ ತುಂಬಿ ಹರಿದ್ರೆ ಹರೀಲಿ.”

“ಲೇ, ದೇಶ ಬಿಟ್ಟು ಹೋದೋಳು ನೀನು! ಮನೇಲಿ ಕೂತಿರೋ ನಂಗೇನಾಯ್ತದೆ? ತಲೆ ಕೆಟ್ಟಿದೆಯೇನೇ ನಿಂಗೆ? ಆಯಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆಯೋ ಇಲ್ವೋ?”

ಆ ಕಡೆಯಿಂದ ಯಾವುದೋ ಭಾಷೆಯಲ್ಲಿ ಯಾರೋ ಹೆಂಗಸು ಮೈಕಿನಲ್ಲಿ ಏನೋ ಹೇಳುತ್ತಿದ್ದುದು ಕೇಳಿಸಿತು.

“ಎಲ್ಲಾದಕ್ಕೂ ಕೊಟ್ಟೆಯಾ?” ಬೈರಣ್ಣ ಮತ್ತೆ ಕೇಳಿದ. ಕೇಳುತ್ತಿದ್ದ ಹಾಗೇ ಅವನ ದನಿ ತಾನಾಗಿ ಇಳಿದಿತ್ತು.

“ಅವಳಿಗೆ ಶುಕ್ರವಾರ ಆಪರೇಷನ್ನು,” ಎಂದಳು ನಾರಾಯಣಮ್ಮ. ದನಿ ಒಡೆದಿತ್ತು. “ನಾನು ಒಳಕ್ ಹೋಗ್ಬೇಕಿತ್ತಲ್ಲ... ಮಾತ್ರೆ ತಗೊಂಡ್ರಾ?”

ಬೈರಣ್ಣ ಗೋಡೆಗೆ ಕೈ ಊರಿಕೊಂಡ.

“ತಗೊಂಡೆ,” ಎಂದ.

“ಆಣೆಗೂ?”

“ತಗೊಂಡೆ ಅಂದ್ನಲ್ಲ. ಹೋಗು, ಮಗಳು ಕಾಯ್ತಾವ್ಳೆ.”

ಫೋನಿಟ್ಟ ಮೇಲೂ ಅವನು ನಿಂತೇ ಇದ್ದ. ಡ್ಯೂಟಿ ಮುಗಿಸಿ ಬಂದ ಮುತ್ತುರಾಜ ಗೇಟು ತೆಗೆದು ಒಳಗೆ ಬಂದವನೇ, “ಯಜಮಾನ್ರ, ಅಮ್ಮಾರು ಮುಟ್ಟಿದ್ರೇನ್ರಿ? ಹೆಸರು ಕೇಳಿದ್ರಂತೇನ್ರಿ?” ಎಂದ.

“ಹೋಗಯ್ಯ, ನಿಂಗ್ಯಾಕೆ ಅದೆಲ್ಲ,” ಎಂದು ಬೈರಣ್ಣ ಸಿಡುಕಿದ.

ಮೋಟರು ಹಾಕುವ ಹೊತ್ತಾಗಿತ್ತು. ಸ್ವಿಚ್ ಒತ್ತಿ, ಅಭ್ಯಾಸಬಲದಿಂದ ಮೆಟ್ಟಿಲ ಕಡೆ ಹೋಗಿ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟ. ಮತ್ತೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

“ಮುತ್ತು,” ಎಂದು ಕರೆದ. “ಇವತ್ತು ಟ್ಯಾಂಕ್ ನೀನೇ ನೋಡ್ಕೊಂಡು ಬಾರಯ್ಯ. ತುಂಬಿದ್ರೆ ವಾಲ್ವ್ ತಿರುಗಿಸು.”

ಮುತ್ತುರಾಜ ತಾನು ಕೇಳಿಸಿಕೊಂಡದ್ದು ನಿಜವೇ ಎಂಬಂತೆ ಒಮ್ಮೆ ನೋಡಿ, ಟೋಪಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಮೇಲಕ್ಕೆ ಹೋದ. ಬೈರಣ್ಣ ಒಳಗೆ ಬಂದು, ಆರಿದ ಮುದ್ದೆಯ ತಟ್ಟೆಯನ್ನು ಎಳೆದುಕೊಂಡು, ಬಿಟ್ಟ ತುತ್ತಿನಿಂದಲೇ ಊಟ ಶುರು ಮಾಡಿದ. ಉಂಡು, ಕೈ ತೊಳೆದು, ಫ್ರಿಜ್ಜಿನ ಮೇಲಿನ ಡಬ್ಬಿಯಿಂದ ಮಾತ್ರೆಯ ಹಾಳೆ ತೆಗೆದು, ಒಂದನ್ನು ಒತ್ತಿ ಅಂಗೈಗೆ ಬೀಳಿಸಿಕೊಂಡ. ಲೋಟದ ತುಂಬ ನೀರು ಬಗ್ಗಿಸಿಕೊಂಡು, ಅವಳು ಹೇಳಿದ್ದ ಹಾಗೆ ಕುರ್ಚಿಯ ಮೇಲೆ ಕೂತುಕೊಂಡೇ ನುಂಗಿದ.