ಹೊಸ್ತಿಲು ದಾಟದೆ ಚಂದ್ರನಿಗೆ ಹೋದೆ

ನಾನು ಒಂದು ಅಲ್ಯೂಮಿನಿಯಂ ಡಬ್ಬಿ. ಕಿರುಬೆರಳಿನಷ್ಟು ಉದ್ದ, ಒಂದು ಚಿಟಿಕೆ ಬೂದಿ ಹಿಡಿಯುವಷ್ಟು ಹೊಟ್ಟೆ. ಹುಟ್ಟಿದ್ದು ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ, ಫಯಾಜ್ ಸಾಬರ ಕೈಯಲ್ಲಿ. ಬೆಳಗಿನಿಂದ ಪಂಪಿನ ಬುಷ್ ಕಡೆಯುತ್ತಿದ್ದ ಅವರು ನನ್ನ ಅಳತೆಯ ಚೀಟಿ ನೋಡಿ ಮಾಲೀಕನನ್ನು ಕೇಳಿದರು.

“ಇಷ್ಟು ಸಣ್ಣದು ಯಾವ ಮೋಟರಿಗೆ ಸಾರ್?”

“ಮೋಟರಿಗಲ್ಲ ಕಣಯ್ಯ. ಸತ್ತೋರ ಬೂದಿ ತುಂಬಿ ಚಂದ್ರನ ಮೇಲೆ ಇಡ್ತಾರಂತೆ.”

ಫಯಾಜ್ ಸಾಬರು ಚೀಟಿಯನ್ನು ಲೇತಿನ ಸಂದಿಗೆ ಸಿಕ್ಕಿಸಿದರು. “ಹಂಗಾದ್ರೆ ಮುಚ್ಚಳದ ಥ್ರೆಡ್ಡು ಬಿಗಿಯಾಗಿ ಹಾಕ್ತೀನಿ. ಲೂಸಾದ್ರೆ ಅಲ್ಲಿಗೋಗಿ ರಿಪೇರಿ ಮಾಡೋಕಾಗಲ್ಲ.”

ನನ್ನ ಮೈಮೇಲೆ ‘ಚೆನ್ನಕೃಷ್ಣಯ್ಯ’ ಎಂದು ಕೆತ್ತಿದರು. ಈತ ಮಂಡ್ಯ ಕಡೆಯ ಒಂದು ಊರಿನ ರೈಸ್‌ಮಿಲ್ ಧಣಿ, ಮೂರು ಸಲ ಪುರಸಭೆಯ ಅಧ್ಯಕ್ಷ. ಬಸ್‌ಸ್ಟಾಂಡಿನ ತಂಗುದಾಣಕ್ಕೆ ಅವನ ಹೆಸರು, ತರಕಾರಿ ಮಾರ್ಕೆಟ್ಟಿಗೆ ಅವನ ಹೆಸರು, ನೀರಿನ ಟ್ಯಾಂಕಿಗೂ ಅವನದೇ. ಸಾರ್ವಜನಿಕ ಶೌಚಾಲಯ ಕಟ್ಟಿದಾಗ ಅದಕ್ಕೂ ಇದೇ ಹೆಸರಿಡಿ ಎಂದು ಊರಿನ ಹುಡುಗರು ಅರ್ಜಿ ಕೊಟ್ಟರು. ಅಂದಿನಿಂದ ಧಣಿಗೆ ಊರಿನ ಮೇಲೆ ಬೇಸರ ಬಂದು ದೃಷ್ಟಿ ಆಕಾಶದ ಕಡೆ ತಿರುಗಿತು. ಹೊರದೇಶದ ಕಂಪನಿಯೊಂದು ಆಸೆ ತೋರಿಸಿತು: ಒಂದು ಗ್ರಾಂ ಬೂದಿ ಚಂದ್ರನ ಮೇಲೆ ಇಡುತ್ತೇವೆ, ಇಟ್ಟ ಜಾಗದ ಕುಳಿಗೆ ನಿಮ್ಮ ಹೆಸರಿನ ಸರ್ಟಿಫಿಕೇಟ್ ಕೊಡುತ್ತೇವೆ. ಆ ಸರ್ಟಿಫಿಕೇಟನ್ನು ಯಾವ ಖಗೋಳ ವಿಜ್ಞಾನಿಯೂ ಒಪ್ಪುವುದಿಲ್ಲ. ಧಣಿ ಒಪ್ಪಿದ, ಬುಕ್ ಮಾಡಿದ, ಸತ್ತ.

ನಾನು ಕೊರಿಯರಿನಲ್ಲಿ ಆ ಮನೆ ಮುಟ್ಟಿದಾಗ ಧಣಿ ಸತ್ತು ಹದಿನೈದು ದಿನ. ಮಗ ವಿಜಯಸಾರಥಿ ನನ್ನನ್ನು ಹಿಡಿದು ಒಳಗೆ ಕಾಲಿಡುವಷ್ಟರಲ್ಲಿ ತಾಯಿ ನಂಜಮ್ಮಣ್ಣಿ ಕೂಗಿದರು.

“ಏಯ್, ಅಸ್ಥಿ ಡಬ್ಬ ಹೊಸ್ತಿಲು ದಾಟಿಸ್ಬೇಡ ಕಣೋ!”

“ಇನ್ನೂ ಖಾಲಿ ಕಣಮ್ಮ.”

“ಖಾಲಿಯಾದ್ರೇನು? ಬಂದಿರೋದು ಅದಕ್ಕೇ ತಾನೆ?”

ಸತ್ತವರ ಬೂದಿಯನ್ನು ಮನೆಯೊಳಗೆ ತರುವ ಪದ್ಧತಿಯಿಲ್ಲ. ಹೀಗಾಗಿ ಚಂದ್ರಲೋಕಕ್ಕೆ ಹೊರಟವನಾದ ನಾನು ಎಂಟು ದಿನ ಜಗಲಿಯ ಚಪ್ಪಲಿ ಗೂಡಿನಲ್ಲಿ ಬಿದ್ದಿದ್ದೆ. ಪುರೋಹಿತರು ಬಂದು ಇನ್ನೊಂದು ತಕರಾರು ತೆಗೆದರು. ಚಂದ್ರನಿಗೇ ಮೈಲಿಗೆಯಾದರೆ ಸಂಕಷ್ಟಿಯ ದಿನ ಊರಿನವರೆಲ್ಲ ಯಾರ ಮುಖ ನೋಡಿ ಊಟ ಮಾಡಬೇಕು? ಕೊನೆಗೆ, ಆ ಕುಳಿ ನಮ್ಮ ಊರಿಗೆ ಕಾಣದಷ್ಟು ಸಣ್ಣದು ಎಂದು ತೀರ್ಮಾನವಾಯಿತು.

ಅಷ್ಟೆಲ್ಲ ಆದಮೇಲೆ ನಂಜಮ್ಮಣ್ಣಿಗೆ ಹೊಳೆಯಿತು. “ಅಲ್ಲ ಕಣೋ, ಬೂದಿ ಎಲ್ಲಿದೆ?”

ಬೂದಿ ಇರಲಿಲ್ಲ. ಸತ್ತ ಮೂರನೇ ದಿನವೇ ವಾಡಿಕೆಯಂತೆ ಮಡಕೆ ಹೊತ್ತು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಬಿಟ್ಟಿದ್ದರು, ಒಂದು ಚೂರೂ ಉಳಿಸದೆ. ಅತ್ತ ಡಬ್ಬಿ ತುಂಬಿ ಕಂಪನಿಗೆ ಕಳಿಸಲು ಮೂರೇ ದಿನ ಬಾಕಿ, ಇತ್ತ ಊರ ತುಂಬ ಧಣಿಯ ಚಂದ್ರಯಾತ್ರೆಯ ಬ್ಯಾನರು.

ವಿಜಯಸಾರಥಿ ಮಧ್ಯಾಹ್ನದ ಬಿಸಿಲಲ್ಲಿ ನನ್ನನ್ನು ಸ್ಮಶಾನಕ್ಕೆ ಒಯ್ದ. ಅಲ್ಲಿ ಹೆಣ ಸುಡುವವಳು ಪುಟ್ಟಹೊನ್ನಿ. ಗಂಡ ನಲವತ್ತು ವರ್ಷ ಮಾಡಿದ ಕೆಲಸ ಅವನು ಸತ್ತಮೇಲೆ ಇವಳ ಪಾಲಿಗೆ ಬಂದಿತ್ತು. ಗಂಡನ ಹೆಸರಿನದೊಂದು ಮೊಳದುದ್ದದ ಕಲ್ಲು ಅಲ್ಲಿ ನೆಡಬೇಕೆಂಬುದು ಅವಳಿಗಿದ್ದ ಒಂದೇ ಆಸೆ. ಅದಕ್ಕೆ ಪುರಸಭೆಗೆ ಹೋದಾಗ ಗುಮಾಸ್ತ ಗಂಡನ ಹೆಸರು ಕೇಳಿದ್ದ. ಇವಳು ನಾಚಿ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳೇ ಅಲ್ಲ. “ಹೆಸರೇ ಹೇಳಲ್ವಂತೆ, ಕಲ್ಲು ಬೇಕಂತೆ!” ಎಂದು ಆಫೀಸೇ ನಕ್ಕಿತು. ಜೊತೆಗೆ ಬಂದಿದ್ದ ನೆರೆಯವಳು ಹೇಳಿ ಬರೆಸಿದ ಅರ್ಜಿಯನ್ನೂ ಅಧ್ಯಕ್ಷ ಚೆನ್ನಕೃಷ್ಣಯ್ಯ ತಳ್ಳಿಹಾಕಿದ. ಕಲ್ಲು ಬಂದಾಗ ಅದರ ಬುಡಕ್ಕೆ ಹಾಕಲೆಂದು ಗಂಡನ ಬೂದಿಯನ್ನು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ಬೇವಿನ ಕೊಂಬೆಗೆ ನೇತುಹಾಕಿದ್ದಳು.

“ಅಪ್ಪಾಜಿ ಬೂದಿ ಸ್ವಲ್ಪ ಉಳಿದಿದ್ಯೇನೇ?” ವಿಜಯಸಾರಥಿ ಮೂಗಿಗೆ ಕರ್ಚೀಫು ಒತ್ತಿ ಕೇಳಿದ.

“ಆಮ್ಯಾಕೆ ಅದೇ ಜಾಗದಲ್ಲಿ ಹನ್ನೊಂದು ಹೆಣ ಸುಟ್ಟಿವ್ನಿ ಬುದ್ಧಿ. ಯಾರ್ದು ಯಾವ್ದು ಅಂತ ಹೇಳ್ಲಿ?”

“ಯಾವುದೋ ಒಂದು ತುಂಬು. ಮೇಲೋದ್ಮೇಲೆ ಯಾರು ನೋಡ್ತಾರೆ?” ಎಂದವನು ತಕ್ಷಣ ಬೆಚ್ಚಿ, “ಆದ್ರೆ ನಮ್ಮ ಜನದ್ದೇ ನೋಡಿ ತುಂಬು,” ಎಂದ.

“ಬೂದೀಲಿ ಜಾತಿ ಎಂಗ್ ಬುದ್ಧಿ ನೋಡದು? ಜರಡಿ ಹಿಡೀಲಾ?”

“ತಲೆಹರಟೆ ಬೇಡ.”

“ಆಗ್ಲಿ ಬುದ್ಧಿ. ನಮ್ಮೆಜಮಾನ್ರ ಕಲ್ಲಿನ ವಿಚಾರ...”

“ಕಲ್ಲು ನೆಡೋಕೆ ಇದೇನು ನಿಮ್ಮಪ್ಪನ ಜಾಗಾನಾ?”

“ಊಂ ಬುದ್ಧಿ. ನಮ್ಮಪ್ಪ ಆ ಹೊಂಗೆ ಮರದ ತಾವ ಅವ್ನೆ. ತಾತ ಈ ಕಡೀಕೆ.”

ವಿಜಯಸಾರಥಿ ಕರ್ಚೀಫನ್ನು ಇನ್ನಷ್ಟು ಒತ್ತಿಕೊಂಡ. ಕೈಗೆ ಕೈ ತಾಗದಂತೆ ನನ್ನನ್ನು ಮೇಲಿನಿಂದ ಅವಳ ಅಂಗೈಗೆ ಬಿಟ್ಟ. ನನ್ನ ಮೊದಲ ಲ್ಯಾಂಡಿಂಗ್ ಅದು. ಆಮೇಲೆ ಗೇಟಿನ ಕಡೆ ಮುಖ ಮಾಡಿ ನಿಂತುಕೊಂಡ.

ಪುಟ್ಟಹೊನ್ನಿ ನನ್ನನ್ನು ಸೆರಗಿನಲ್ಲಿ ಒರೆಸಿದಳು. ಹೊಸ್ತಿಲ ಹೊರಗೇ ನಿಂತು ಬದುಕಿದವಳು, ಹೊಸ್ತಿಲ ಹೊರಗೇ ಕೊಳೆತ ನನ್ನನ್ನು ಹಿಡಿದು ಬೇವಿನ ಮರದ ಬುಡಕ್ಕೆ ನಡೆದಳು. ಬಿಸ್ಕತ್ತಿನ ಡಬ್ಬ ಇಳಿಸಿ ಒಂದು ಚಿಟಿಕೆ ತುಂಬಿದಳು. ಮುಚ್ಚಳ ಹಾಕುವ ಮುನ್ನ ನನ್ನನ್ನು ತುಟಿಗೆ ತಂದು, ಜೀವಮಾನದಲ್ಲಿ ಮೊದಲ ಸಲ ಆ ಹೆಸರು ಹೇಳಿದಳು.

“ಮಂಚಯ್ಯ.”

ಹೇಳಿ ನಾಲಿಗೆ ಕಚ್ಚಿಕೊಂಡಳು, ನಕ್ಕಳು. ಆಮೇಲೆ ಮೂಗು ಸೀಟಿಕೊಂಡು ಮುಚ್ಚಳ ತಿರುಗಿಸಿದಳು.

ಪುರಭವನದಲ್ಲಿ ನನಗೆ ಹಾರ ಹಾಕಿದರು. ಸರ್ಟಿಫಿಕೇಟು ಹಿಡಿದು ವಿಜಯಸಾರಥಿ ಭಾಷಣ ಮಾಡಿದ: “ಪ್ರತಿ ಹುಣ್ಣಿಮೆ ಸಂಜೆ ನಮ್ಮ ವಂಶದವರೆಲ್ಲ ಮಹಡಿ ಹತ್ತಿ, ಚಂದ್ರನಿಗೆ ಆರತಿ ಎತ್ತಿ ಅಡ್ಡ ಬೀಳ್ತೀವಿ.” ಚಪ್ಪಾಳೆಯೋ ಚಪ್ಪಾಳೆ.

ರಾಕೆಟ್ಟಿನ ಪಯಣ ಹೇಳುವಂಥದ್ದೇನಲ್ಲ. ಕೆಟ್ಟ ರಸ್ತೆಯ ಬಸ್ಸಿನಲ್ಲಿ ಕೂತವರಿಗೆ ಗೊತ್ತು. ಇಲ್ಲಿಗೆ ಬಂದು ವರ್ಷಗಳಾದವು. ಗಾಳಿಯಿಲ್ಲ, ಸದ್ದಿಲ್ಲ, ಹೊಸ್ತಿಲೂ ಇಲ್ಲ. ಬಿದ್ದ ರಭಸಕ್ಕೆ ಕೆತ್ತಿದ ಹೆಸರು ದೂಳಿಗೆ ಮುಖ ಮಾಡಿ ಬಿದ್ದಿದೆ. ಒಂದು ಮೊಳದ ಕಲ್ಲೂ ಸಿಗದವನಿಗೆ ಸುತ್ತ ಕಣ್ಣು ಹಾಯುವಷ್ಟೂ ಕಲ್ಲೇ. ಮುಪ್ಪಿನ ಕಾಲದಲ್ಲಿ ಇಷ್ಟು ಒಳ್ಳೆಯ ಜೊತೆ ಸಿಕ್ಕಿದ್ದು ನನ್ನ ಪುಣ್ಯ.

ಕೆಳಗೆ ಹುಣ್ಣಿಮೆ ಬಂದಾಗ, ಮಾತಿಗೆ ತಪ್ಪದ ವಂಶವಾದ್ದರಿಂದ, ಅವರೆಲ್ಲ ಮಹಡಿ ಹತ್ತಿ ಮಂಚಯ್ಯನಿಗೆ ಅಡ್ಡ ಬೀಳುತ್ತಿರಬೇಕು. ನಾನಂತೂ ಬಾಯಿ ಬಿಡುವವನಲ್ಲ. ಫಯಾಜ್ ಸಾಬರು ಥ್ರೆಡ್ಡು ಬಿಗಿಯಾಗಿಯೇ ಹಾಕಿದ್ದಾರೆ.