ಎಡಗಡೆಯ ಗಂಟು

ತಣ್ಣಗಿದೆ, ಬಿಸಿಲಿನಿಂದ ಒಂದು ಹೆಜ್ಜೆ ಒಳಗಿಟ್ಟರೆ ಸಾಕು, ಕೋಟೆಬಾಗಿಲಿನ ನೆರಳು ಒದ್ದೆ ಬಟ್ಟೆಯ ಹಾಗೆ ಕತ್ತಿಗೆ ತಗಲುತ್ತದೆ, ಮೇಲೆ ಕಮಾನಿನ ಸಂದಿಯಲ್ಲೆಲ್ಲೋ ಪಾರಿವಾಳ ಗುಟುಗುಟು ಎನ್ನುತ್ತಿದೆ, ಅದು ಬಿಟ್ಟರೆ ಸದ್ದಿಲ್ಲ — ಇದೆ, ಬೆನ್ನ ಹಿಂದೆ ತಮ್ಮನ ಊರುಗೋಲು, ಟಕ್, ಆಮೇಲೆ ಕಾಲೆಳೆಯುವ ಸರಸರ, ಮತ್ತೆ ಟಕ್, ಮೇಸ್ತ್ರಿ ತಿರುಗಿ ನೋಡುವುದಿಲ್ಲ, ನೋಡಿದರೆ ಹೋಗಿ ಕೈ ಹಿಡಿಯಬೇಕು, ಹಿಡಿದರೆ ಬೇಡ ಅಣ್ಣಾ ನಾನೇ ಬರ್ತೀನಿ ಅನ್ನುತ್ತಾನೆ, ಹಾಗನ್ನುವಾಗ ಅವನಿಗೆ ಸಿಟ್ಟಿರುವುದಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಕಬ್ಬಿಣದ ಮೊಳೆ ಹೊಡೆದ ಜೋಡಿ ಕದ, ಗಾಡಿಚಕ್ರ ಸವೆಸಿದ ಎರಡು ಗೆರೆ, ಗೋಡೆಯಾಚೆಯ ಹಳೇ ಪಟ್ಟಣಕ್ಕೆ ಆ ಕಡೆಯಿಂದ ದೊಡ್ಡ ರಸ್ತೆ ಬಂದ ಮೇಲೆ ಇಲ್ಲಿಗೆ ಕಾಲಿಡುವವರಿಲ್ಲ, ಕಮಾನಿನ ಕೆಲಸ ಮುಗಿದ ಮೇಲೆ ಹದಿನಾಲ್ಕು ತಿಂಗಳಿಂದ ಮೇಸ್ತ್ರಿಯೂ ಸುತ್ತು ಹಾಕಿಕೊಂಡು ಆ ರಸ್ತೆಯಲ್ಲೇ ಹೋಗುತ್ತಾನೆ, ಇವತ್ತೂ ಬರುತ್ತಿರಲಿಲ್ಲ, ನಿನ್ನೆ ತಮ್ಮ ಊಟಕ್ಕೆ ಕೂತಾಗ ಕೇಳಿಬಿಟ್ಟ, ಒಂದ್ಸಲ ಆ ಜಾಗ ತೋರ್ಸು ಅಣ್ಣಾ, ನನಗೆ ಒಂದೂ ನೆನಪಿಲ್ಲ, ನೋಡಿದ್ರೆ ಏನಾದ್ರೂ ಹೊಳೆಯುತ್ತೇನೋ. ಹೊಳೆದುಬಿಟ್ಟರೆ? ಮೇಸ್ತ್ರಿ ನೀರು ಕುಡಿದು, ಆಯ್ತು ನಾಳೆ ಹೋಗೋಣ ಅಂದಿದ್ದ.

ಎಷ್ಟು ಸಣ್ಣ ಮಾತು ಅದು, ಎಷ್ಟು ಸಣ್ಣದು, ಕಮಾನಿನ ಸಡಿಲ ಕಲ್ಲು ಬಿಚ್ಚಿ ಕೂರಿಸಲು ಮರದ ಸಾರುವೆ ಕಟ್ಟಿದ್ದರು, ನಿಲ್ಲುವ ಹಲಗೆಗೆ ಎರಡು ತುದಿ, ತುದಿಗೊಂದು ಗಂಟು, ಬಲಗಡೆಯದನ್ನು ತಮ್ಮ ಬಿಗಿದ, ಎಡಗಡೆಯದು ಇವನದು, ಹಗ್ಗ ಒಂದು ಸುತ್ತು ಸುತ್ತಿದ್ದ, ಕೆಳಗಿನಿಂದ ಟೀ ಬಂತು ಅಂದರು, ಕುಡಿದು ಬಂದು ಬಿಗಿದರಾಯಿತು ಎಂದು ಇಳಿದ, ಟೀ ಕಾದ ಸೀಸದಂತಿತ್ತು, ಊದಿ ಊದಿ ಕುಡಿಯುತ್ತಿದ್ದರೆ ತಮ್ಮ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಎಲ್ಲರೆದುರು ನಕ್ಕ, ನೀನು ಆರಿಸ್ಕೊಂಡು ಕುಡಿಯೋ ಹೊತ್ತಿಗೆ ನಾನು ಎರಡು ಕಲ್ಲು ಕೂರಿಸಿರ್ತೀನಿ ನೋಡು, ಎಂದು ಹತ್ತಿದ, ತಡಿ ಅನ್ನಬೇಕಿತ್ತು, ಬಾಯಲ್ಲಿ ಟೀ ಇತ್ತು, ನುಂಗಿ ಹೇಳೋಣವೆಂದು — ಹಲಗೆ ಮೊದಲು ಬಿತ್ತು, ಆಮೇಲೆ ತಮ್ಮ, ಆಮೇಲೆ ಯಾವ ಅವಸರವೂ ಇಲ್ಲದ ಹಾಗೆ ಗಾರೆ ಮೆತ್ತುವ ಕರಣೆ. ಆಸ್ಪತ್ರೆಯಲ್ಲಿ ಡಾಕ್ಟರು ತಲೆಯಾಡಿಸಿ, ಮನೆಯವರಿಗೆಲ್ಲ ಹೇಳಿಕಳಿಸಿ ಅಂದರು, ಅದೇ ಸಾಯಂಕಾಲ ಕೆಲಸದ ಉಸ್ತುವಾರಿಯ ಸಾಹೇಬರು ವರದಿ ಬರೆಯಲು ಪುಸ್ತಕ ಬಿಚ್ಚಿ ಕೂತು, ಆ ಗಂಟು ಯಾರು ಹಾಕಿದ್ದಪ್ಪಾ, ಎಂದರು, ಇವನು ಬಾಯಿ ತೆರೆದ, ನಾನು ಅನ್ನುವುದಕ್ಕೇ ತೆರೆದ, ದೇವರಾಣೆಗೂ ಅದಕ್ಕೇ, ಆದರೆ ಹೊರಗೆ ಬಂದದ್ದು ತಮ್ಮ ಸಾರ್ ಎಂದು, ಹೋಗುವವನು ಹೇಗೂ ಹೋಗುತ್ತಾನೆ, ಅವನಿಗೆ ಇದರಿಂದ ಆಗುವ ನಷ್ಟವೇನು — ಹಾಗೆಂದುಕೊಂಡನಲ್ಲ, ಒಡಹುಟ್ಟಿದವನನ್ನು ಮನಸ್ಸಿನಲ್ಲಿ ಮಣ್ಣು ಮಾಡಿ ಬಂದನಲ್ಲ, ತಮ್ಮ ಬದುಕಿದ. ಬದುಕಿ, ಇಪ್ಪತ್ತು ದಿನದ ಮೇಲೆ ಕಣ್ಣು ಬಿಟ್ಟು, ಏನಾಯಿತೆಂದು ಅವರಿವರಿಂದ ಕೇಳಿ ತಿಳಿದು, ಇವನ ಕೈ ಹಿಡಿದು ಅತ್ತ, ನನ್ನ ಅಜಾಗರೂಕತೆಯಿಂದ ನಿನಗೆ ಕೆಟ್ಟ ಹೆಸರು ಬಂತಲ್ಲಣ್ಣಾ, ಕ್ಷಮಿಸು. ಇವನು ಕ್ಷಮಿಸಿದ! ಬಿಡೋ ಅದನ್ನ, ಎಂದು ತಲೆ ಸವರಿದ.

ಟಕ್ ನಿಂತಿದೆ. ತಮ್ಮ ಕಮಾನಿನ ನಡುಮಧ್ಯೆ ಕತ್ತೆತ್ತಿ ನೋಡುತ್ತಿದ್ದಾನೆ, ಗಾರೆ ತುಂಬಿದ ಸಂದುಗಳನ್ನು ಕಣ್ಣಲ್ಲೇ ಸವರುತ್ತಿದ್ದಾನೆ, ಚೆನ್ನಾಗ್ ಕೂರ್ಸಿದ್ದೀಯ ಕಣಣ್ಣಾ, ಹೊಸ ಕಲ್ಲು ಯಾವ್ದು ಹಳೇದ್ಯಾವ್ದು ಗೊತ್ತೇ ಆಗಲ್ಲ, ನಾನು ಬಿದ್ದಿದ್ದು ಇಲ್ಲೇನಾ, ಹೂಂ ಇಲ್ಲೇ, ಅನ್ನುತ್ತಾನೆ ಮೇಸ್ತ್ರಿ, ಏನೂ ಹೊಳೀತಿಲ್ಲ ನೋಡು, ಬಿಚ್ಕೊಂಡಿದ್ದು ಯಾವ ಕಡೆ ಗಂಟು, ಎಡಗಡೆ — ಯೋಚಿಸುವ ಮೊದಲೇ ಬಂದುಬಿಟ್ಟಿತು, ನಾಲಗೆ ಸುಟ್ಟುಹೋಗಬಾರದೇ. ತಮ್ಮ ಹುಬ್ಬು ಗಂಟಿಕ್ಕುತ್ತಾನೆ, ಎಡಗಡೆನಾ? ಎಡಗಡೆ ಯಾವಾಗ್ಲೂ ನಿಂದಲ್ವಾ, ನಾನು ಬಲಗಡೆಯವನು. ಆಮೇಲೆ ತಮ್ಮ ತಾನೇ ನಕ್ಕು, ಅವತ್ತು ಜಾಗ ಬದಲಾಯಿಸ್ಕೊಂಡಿದ್ವೇನೋ ಬಿಡು, ಅನ್ನುತ್ತಾನೆ, ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿಯೇ ತೆರೆದುಕೊಂಡಿತು, ಹೂಂ ಅಂದರೆ ಮುಗಿಯಿತು, ಜನ್ಮಕ್ಕೆ ಮುಗಿಯಿತು, ಹೂಂ ತುಟಿಯ ತನಕ ಬಂದೂ ಬಂತು, ತಮ್ಮ ಕಲ್ಲುಜಗಲಿಯ ಮೇಲೆ ಕೂತು ಕಾಲು ಚಾಚುತ್ತಿದ್ದಾನೆ, ಶೂ ನೋಡು, ಅನ್ನುತ್ತಾನೆ ನಗುತ್ತಾ, ಲೇಸಿಗೆ ಎರಡೆರಡು ಗಂಟು, ನನ್ನ ಮಗಳ ಕೆಲಸ, ನನ್ನ ಕೈಗೇ ಕೊಡಲ್ಲ, ನೀನು ಮರ್ತುಬಿಡ್ತೀಯಪ್ಪಾ, ಗಂಟು ಹಾಕೋದು ಮರ್ತೇ ಅಲ್ವಾ ಬಿದ್ದಿದ್ದು, ಅಂತಾಳೆ, ಆರು ವರ್ಷಕ್ಕೇ ಅಜ್ಜಿ ಥರ, ದಿನಾ ಬೆಳಿಗ್ಗೆ ಬಗ್ಗಿ ಕಟ್ತಾಳೆ, ಕಟ್ಟಿ ಎಳೆದು ನೋಡ್ತಾಳೆ.

ಬದಲಾಯಿಸಿಕೊಂಡಿರಲಿಲ್ಲ, ಎಂದಿತು ಒಂದು ದನಿ, ಅದು ತನ್ನದೇ ಎಂದು ಮೇಸ್ತ್ರಿಗೆ ಗೊತ್ತಾಗಲು ಕ್ಷಣ ಹಿಡಿಯಿತು, ಎಡಗಡೆ ನಾನೇ ಇದ್ದೆ ಕಣೋ, ಗಂಟು ನಂದು, ನಾನು ಬಿಗಿಯದೆ ಇಳಿದಿದ್ದೆ, ಸಾಹೇಬರ ಹತ್ರ ನಿನ್ನ ಹೆಸರು ಹೇಳಿದ್ದೂ ನಾನೇ, ನೀನು ಉಳಿಯಲ್ಲ ಅಂತ — ಅಲ್ಲಿಗೆ ನಿಂತಿತು. ತಮ್ಮ ನೋಡುತ್ತಾನೆ. ಊರುಗೋಲನ್ನು ನೆಲಕ್ಕೆ ಊರಿ, ಒಂದು ಸಲ ಜಾರಿ, ಮತ್ತೆ ಊರಿ, ಏಳುತ್ತಾನೆ, ಮೇಸ್ತ್ರಿಯ ಕೈ ಮುಂದೆ ಹೋಗಿ ಗಾಳಿಯಲ್ಲೇ ಉಳಿಯುತ್ತದೆ. ನನಗೇನ್ ಹೇಳ್ಬೇಡ, ಅನ್ನುತ್ತಾನೆ ತಮ್ಮ, ಅವಳಿಗೆ ಹೇಳು, ಮನೆಗೆ ಬಂದು ಅವಳ ಮುಂದೆ ಕೂತು ಹೇಳು. ಪಟ್ಟಣದ ಕಡೆಯ ಬಿಸಿಲಿಗೆ ನಡೆದುಬಿಡುತ್ತಾನೆ, ಟಕ್, ಸರಸರ, ಟಕ್, ದೂರ, ಇನ್ನೂ ದೂರ, ಹೋಗಬೇಕು, ಹಿಂದೆಯೇ ಹೋಗಬೇಕು, ಹೇಳುತ್ತೇನೆ, ಏನೆಂದು, ಮಗೂ ನಿಮ್ಮಪ್ಪ ಮರೆತಿರಲಿಲ್ಲ, ದೊಡ್ಡಪ್ಪನೇ — ಆಮೇಲೆ? ಆಮೇಲಿನದು ಬರುವುದಿಲ್ಲ, ಕಾಲು ಕಲ್ಲಿಗೆ ಕಚ್ಚಿಕೊಂಡಿದೆ, ಕಣ್ಣೆದುರು ಬಗ್ಗಿದ ಪುಟ್ಟ ತಲೆ, ನಡುವೆ ಬೈತಲೆ, ಎರಡು ಸಣ್ಣ ಕೈ, ಲೇಸಿಗೆ ಒಂದು ಗಂಟು, ಅದರ ಮೇಲೆ ಇನ್ನೊಂದು, ಎಳೆದು ನೋಡುತ್ತಾಳೆ, ಮತ್ತೆ ಎಳೆದು ನೋಡುತ್ತಾಳೆ, ಮತ್ತೆ