ಅಕ್ಕ ಹ್ಞೂಂ ಅನ್ನದ ಮಧ್ಯಾಹ್ನ

ದೆವ್ವ ಗಿವ್ವ ಎಂದರೆ ನನಗೆ ನಗು ಬರುತ್ತದೆ. ಬೆಳಗಾದರೆ ಬ್ರೆಡ್ಡಿನ ಹಿಟ್ಟು ನಾದುವವಳಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿದೆ? ಆದರೂ ಅಕ್ಕ ಸತ್ತ ಮೇಲೆ ನಮ್ಮ ಕೆಲಸದ ಕೋಣೆಯಲ್ಲಿ ಅವಳ ದನಿ ನನಗೆ ಕೇಳಿಸುತ್ತಿದ್ದುದು ನಿಜ. ಯಾರಿಗೂ ಹೇಳಲಿಲ್ಲ. ಮೊದಲೇ ನನಗೆ ಮೆಣಸಿನಕಾಯಿ ಎಂದು ಅಡ್ಡಹೆಸರು, ಇನ್ನು ಹುಚ್ಚಿ ಅಂತಲೂ ಅನ್ನಿಸಿಕೊಳ್ಳಬೇಕೇ?

ಕೋಣೆಯಲ್ಲಿ ಒಂದು ಓವನ್ ನನ್ನ ಬ್ರೆಡ್ಡಿಗೆ, ಇನ್ನೊಂದು ಅಕ್ಕ ಭಾವನ ಬಿಸ್ಕತ್ತಿಗೆ. ಗೋಡೆಯಾಚೆ ಕಡಲೆಕಾಯಿ ಎಣ್ಣೆ ತೆಗೆಯುವ ಗಾಣದವನು. ಆ ವಾಸನೆ ಹೊತ್ತುಗೊತ್ತಿಲ್ಲದೆ ಕಿಟಕಿಯಿಂದ ಬರುತ್ತಿತ್ತು, ನಮ್ಮ ಮೂಗಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೀದಿಬಾಗಿಲ ಪಕ್ಕ ಒಂದು ಕಪಾಟು. ಮನೆಯಲ್ಲಿ ಒಲೆ ಹೊತ್ತದವರು ಯಾರನ್ನೂ ಕೇಳದೆ ಒಯ್ಯಲಿ ಎಂದು ಮಾಡಿದ್ದರಲ್ಲಿ ಒಂದು ಪಾಲು ಅಲ್ಲಿಡುತ್ತಿದ್ದೆವು.

ಅಕ್ಕನದೊಂದು ಕಟ್ಟುನಿಟ್ಟು. ಪೊಟ್ಟಣ ಹೊರಗೆ ಹೋಗುವ ಮೊದಲು ಅದರ ಲೇಬಲ್ಲನ್ನು ಬೇರೆಯವರು ಗಟ್ಟಿಯಾಗಿ ಓದಬೇಕು. ಮಾಡಿದವರು ಒಂದೊಂದಕ್ಕೂ "ಹ್ಞೂಂ" ಅನ್ನಬೇಕು. ಹ್ಞೂಂ ಬರದಿದ್ದರೆ ಪೊಟ್ಟಣ ಹೋಗುವಂತಿಲ್ಲ.

"ಲೇಬಲ್ ಅಂದ್ರೆ ಮಾತು ಕೊಟ್ಟ ಹಾಗೆ ಕಣೇ. ಅದೂ ಮುಖ ನೋಡದೇ ಇರೋರಿಗೆ," ಎನ್ನುತ್ತಿದ್ದಳು.

ಹಿಂದಿನ ಬೀದಿಯ ಟೈಲರನ ಮಗಳು ಪುಟ್ಟಿಗೆ ಕಡಲೆಕಾಯಿಯ ಒಂದು ಚೂರು ಬಾಯಿಗೆ ಬಿದ್ದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಅವಳಿಗಾಗಿಯೇ ಅಕ್ಕ ಬಿಸ್ಕತ್ತಿನ ಲೇಬಲ್ಲಿಗೆ "ಕಡಲೆಕಾಯಿ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಳು. ಪುಟ್ಟಿ ಅದನ್ನು ಓದುವಳು, ಅಕ್ಕ ಹ್ಞೂಂ ಅನ್ನುವಳು, ಆಮೇಲೆಯೇ ಪುಟ್ಟಿ ತಿನ್ನುವಳು. ಇಬ್ಬರಿಗೂ ಅದೊಂದು ಆಟ.

ಅಕ್ಕ ಹೋದ ಮೇಲೆ ಭಾವ ಮಾತೇ ಬಿಟ್ಟರು. ಬಿಸ್ಕತ್ತು ಸುಡುವರು, ನಾನು ಲೇಬಲ್ ಓದಿದರೆ ತಟ್ಟೆ ನೋಡುತ್ತ ನಿಲ್ಲುವರು. ನಾನೂ ಒತ್ತಾಯ ಮಾಡಲಿಲ್ಲ. ಏಕೆಂದರೆ ಮೊದಲ ಸಲ "ಗೋಧಿ ಹಿಟ್ಟು" ಎಂದಾಗಲೇ ಅಕ್ಕ ಕೂರುತ್ತಿದ್ದ ಖಾಲಿ ಸ್ಟೂಲಿನಿಂದ "ಹ್ಞೂಂ" ಎಂದು ಕೇಳಿತು. ಮೂಗಿನಲ್ಲಿ, ಸ್ವಲ್ಪ ಎಳೆದು, ಅವಳದೇ. "ಸಕ್ಕರೆ" ಎಂದೆ. ಹ್ಞೂಂ. ಭಾವನಿಗೂ ಕೇಳಿಸಿತೇ ಎಂದು ವಿಚಾರಿಸಲು ಧೈರ್ಯ ಬರಲಿಲ್ಲ. ಬಾಯಿಬಿಟ್ಟರೆ ನಿಂತುಹೋದರೆ? ಅಂದಿನಿಂದ ಲೇಬಲ್ಲನ್ನು ಬೇಕೆಂದೇ ನಿಧಾನವಾಗಿ ಓದುತ್ತಿದ್ದೆ.

ಒಂದು ಮಧ್ಯಾಹ್ನ ಹಿಟ್ಟು, ಸಕ್ಕರೆ, ಬೆಣ್ಣೆ ಎಲ್ಲಕ್ಕೂ ಹ್ಞೂಂ ಬಂತು. "ಕಡಲೆಕಾಯಿ ಇಲ್ಲ" ಎಂದೆ. ಸ್ಟೂಲು ಸುಮ್ಮನಿತ್ತು. ಮತ್ತೊಮ್ಮೆ ಓದಿದೆ. ಆಗಲೂ ಇಲ್ಲ. ಹೋದಳು, ಈಗ ನಿಜವಾಗಿಯೂ ಹೋದಳು ಅನ್ನಿಸಿ ಸಿಟ್ಟು ನೆತ್ತಿಗೇರಿತು.

"ಹೇಳದೆ ಕೇಳದೆ ಹೋಗೋದೇ ಆಯ್ತು ನಿನ್ನದು!" ಎಂದು ಬೈದು, ಪೊಟ್ಟಣಗಳನ್ನು ಕಪಾಟಿಗೆ ತುರುಕಿ, ಅಳು ಯಾರಿಗೂ ಕೇಳಿಸದಿರಲೆಂದು ನಲ್ಲಿ ಬಿಟ್ಟು ಪಾತ್ರೆ ತಿಕ್ಕತೊಡಗಿದೆ.

ತಿಕ್ಕುತ್ತಿದ್ದ ಕೈ ತಟ್ಟನೆ ನಿಂತಿತು. ಬೆಣ್ಣೆಯವರೆಗೂ ಇದ್ದಳಲ್ಲ! ಅದೊಂದಕ್ಕೆ ಮಾತ್ರ ಯಾಕೆ ಅನ್ನಲಿಲ್ಲ?

"ಭಾವ, ಈ ಸಲ ಬಿಸ್ಕತ್ತಿಗೆ ಏನು ಹಾಕಿದ್ರಿ?"

ಅವರ ದನಿ ತುಕ್ಕು ಹಿಡಿದ ಹಾಗಿತ್ತು. "ಕಪಾಟಿಗೆ ಬರೋರು ಜಾಸ್ತಿ ಆದ್ರು, ಹಿಟ್ಟು ಸಾಲಲಿಲ್ಲ. ಗಾಣದವನು ಎಣ್ಣೆ ತೆಗೆದ ಮೇಲೆ ಉಳಿಯೋ ಕಡಲೆಕಾಯಿ ಹಿಂಡೀನ ಪುಡಿ ಮಾಡಿ ಕೊಟ್ಟ. ಹಸಿದೋರಿಗೆ ಪುಷ್ಟಿ ಅಲ್ವಾ ಅಂತ..."

"ಮತ್ತೆ ಲೇಬಲ್ಲು?"

"ಅವಳು ಅಚ್ಚು ಹಾಕಿಸಿದ್ದು ಇನ್ನೂ ಉಳಿದಿತ್ತು. ಬೇರೆ ಅಂಟಿಸೋಕೆ ಮನಸ್ಸು ಬರ್ಲಿಲ್ಲ ಕಣಮ್ಮ."

ಅಯ್ಯೋ ನನ್ನ ಕರ್ಮವೇ! ಕಪಾಟಿಗೆ ಓಡಿದೆ. ಒಂದು ಪೊಟ್ಟಣ ಇರಲಿಲ್ಲ. "ಟೈಲರ್ ಈಗ ತಾನೆ ಒಯ್ದ, ಮಗಳಿಗೆ ಅಂತ," ಎಂದ ಪಕ್ಕದ ಬಾಗಿಲಲ್ಲಿದ್ದ ಗಾಣದವನು. ಉಳಿದದ್ದನ್ನೆಲ್ಲ ಒಳಗೆ ಎಳೆದುಕೊಳ್ಳಿ ಎಂದು ಭಾವನಿಗೆ ಕಿರುಚಿ ಬರಿಗಾಲಲ್ಲೇ ಓಡಿದೆ.

ಟೈಲರನ ಕೋಣೆಯಲ್ಲಿ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು, ನಾನು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ. ಮೇಜಿನ ಕೆಳಗೆ, ಬಟ್ಟೆ ಚೂರುಗಳ ಮೇಲೆ ಪುಟ್ಟಿ ಕೂತಿದ್ದಳು. ಪೊಟ್ಟಣ ಒಡೆದಿತ್ತು. ಕೈಯಲ್ಲೊಂದು ಬಿಸ್ಕತ್ತು.

"ತಿಂದ್ಯಾ? ಹೇಳೇ, ತಿಂದ್ಯಾ?"

"ಇಲ್ಲ ಚಿಕ್ಕಮ್ಮ. ಓದಿ ಕಾಯ್ತಾ ಇದ್ದೀನಿ," ಎಂದಳು, ಮುಖ ಸಪ್ಪಗೆ ಮಾಡಿಕೊಂಡು. "ದೊಡ್ಡಮ್ಮ ಇವತ್ತು ಹ್ಞೂಂ ಅಂತಾನೇ ಇಲ್ಲ."

"ಯಾವಾಗ್ಲೂ ಹೀಗೇ, ತನ್ನಷ್ಟಕ್ಕೆ ತಾನೇ ಮಾತಾಡ್ತಾಳೆ," ಎಂದ ಟೈಲರ್, ಯಂತ್ರ ನಿಲ್ಲಿಸಿ.

ಬಿಸ್ಕತ್ತು ಕಿತ್ತುಕೊಂಡು ಅವಳ ಕೈ ತೊಳೆದೆ, ಮತ್ತೆ ತೊಳೆದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತೆ.

ನಾನು ಕೋಣೆಗೆ ಮರಳಿದ ಮೇಲೆ ಹಳೆಯ ಲೇಬಲ್ಲುಗಳನ್ನು ಭಾವ ಪೊಟ್ಟಣಗಳಿಂದ ಒಂದೊಂದಾಗಿ ಕಿತ್ತರು. ಹೊಸದನ್ನು ಕೈಯಲ್ಲೇ ಬರೆದು ಅಂಟಿಸಿದರು. ನಾನು ಓದಿದೆ.

"ಕಡಲೆಕಾಯಿ ಇದೆ."

"ಹ್ಞೂಂ," ಎಂದರು ಭಾವ, ಗಟ್ಟಿಯಾಗಿ.

ಸ್ಟೂಲಿನ ಕಡೆ ನೋಡುತ್ತ ಬಹಳ ಹೊತ್ತು ಕಾದೆ. ಏನೂ ಬರಲಿಲ್ಲ. ಅಂದಿನಿಂದ ಬಂದೇ ಇಲ್ಲ. ಪುಟ್ಟಿಗೂ ಕೇಳಿಸುವುದಿಲ್ಲವಂತೆ. ಆದರೂ ಆ ಸ್ಟೂಲಿನ ಮೇಲೆ ನಾವು ಏನನ್ನೂ ಇಡುವುದಿಲ್ಲ.